ಕೈಗುಣ ಅಲ್ಲವ್ವಾ, ಬಿಸಿ!

ಸಂಕ್ರಮಣ ಮುಗದು ಕುಸರೆಳ್ಳಿನ ಡಬ್ಬಿ ಖಾಲಿ ಆಗೂದರಾಗ ಇಲ್ಲಿ ಇಂಗ್ಲಂಡದ ನಮ್ಮ ಕನ್ನಡದ ಮನಿಗಳೊಳಗ ಪ್ರತಿ ವರ್ಷ ಒಂದ ಮಾತು ಶುರು ಆಗ್ತದ. "ಮೆಣಸಿನಕಾಯಿ ಬೀಜ ಹಾಕಿ ಇಪ್ಪತ್ತು ದಿನ ಆತರಿ, ಒಂದೂ ಎದ್ದಿಲ್ಲ. ನನ್ನ ಕೈಗುಣಾನ ಛಲೋ ಇಲ್ಲ." ಕೇಳಿದಾಕಿ ಸುಮ್ಮನ ಇರಂಗಿಲ್ಲ. "ಹೌದವಾ, ನಮ್ಮ ಅತ್ತಿಯವ್ರ ಕೈ ಹಂಗಲ್ಲ ನೋಡು, ಕಲ್ಲಿನ ಮ್ಯಾಲೆ ಒಗದ್ರೂ ಹುಟ್ಟತಿತ್ತು" ಅಂತ ಉಪ್ಪು ಸವರ್ತಾಳ. ಇಬ್ಬರೂ ಚಹಾ ಕುಡದು ಎದ್ದು ಹೋಗ್ತಾರ. ಕುಂಡ್ಯಾಗಿನ ಮಣ್ಣು ಎಷ್ಟು ತಣ್ಣಗ ಅದ ಅಂತ ಬಟ್ಟು ಹಾಕಿ ನೋಡೂದು ಮಾತ್ರ ಇಬ್ಬರಿಗೂ ಹೊಳಿಯಂಗಿಲ್ಲ.

ನಾ ಈ ಸಲ ನೇರ ಹೇಳಿಬಿಡ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ಬೀಜದ ವಿಷಯದಾಗ ಕೈಗುಣ ಅನ್ನೂದು ಸುಳ್ಳು. ಅದೂ ಹೆಂಗಸರ ತಲಿಮ್ಯಾಲೆ ಹೊರಸೋ ಸುಳ್ಳು. ಬೀಜಕ್ಕ ಮಣ್ಣಾಗ ಇಟ್ಟ ಕೈ ಯಾರದು, ಆಕಿ ಮುತ್ತೈದಿ ಹೌದೋ ಅಲ್ಲೋ, ಮುಟ್ಟಾಗ್ಯಾಳೋ ಇಲ್ಲೋ, ಹೊಸ ಸೊಸಿಯೋ ಹಳೇ ಅತ್ತಿಯೋ, ಇದೇನೂ ಗೊತ್ತಾಗಂಗಿಲ್ಲ. ಜೀವ ಇರೋ ಬೀಜಕ್ಕ ಬೇಕಾದದ್ದು ನೀರು, ಗಾಳಿ, ತಕ್ಕಷ್ಟು ಬಿಸಿ. ಈ ದೇಶದ ಚಳಿಗಾಲದಾಗ ಮೊದಲಿನ ಎರಡು ತಾವಾಗೇ ಸಿಗ್ತಾವ. ಸಿಗದೇ ಇರೂದು ಬಿಸಿ.

ಇದು ಸಣ್ಣ ಮಾತಲ್ಲ ಅಂತ ಯಾಕ ಅಂತೀನಿ ಅಂದ್ರ, ಈ ಕೈಗುಣದ ಮಾತು ಯಾವತ್ತೂ ಗಂಡಸರಿಗೆ ಹೇಳಿದ್ದು ನಾ ಕೇಳಿಲ್ಲ. ಹೊಲದಾಗ ಅವ್ರು ಬಿತ್ತಿದ್ದು ಹುಟ್ಟಲಿಲ್ಲಂದ್ರ ಮಳಿ ಕೈಕೊಟ್ಟಿತು, ಬೀಜದ ಅಂಗಡಿಯವ ಮೋಸ ಮಾಡಿದ ಅಂತಾರ. ಹಿತ್ತಲದಾಗ ಹೆಂಗಸು ಹಾಕಿದ್ದು ಹುಟ್ಟಲಿಲ್ಲಂದ್ರ ಮಾತ್ರ ಆಕಿ ಕೈ. ನಮ್ಮ ಸೋದರತ್ತಿ ಒಬ್ಬಾಕಿ ಇದ್ಲು. ಗಂಡ ತೀರಿಕೊಂಡ ಮ್ಯಾಲೆ ಆಕಿಗೆ ಹಿತ್ತಲದಾಗ ಮೊದಲನೇ ಬೀಜ ಹಾಕಗೊಡತಿರಲಿಲ್ಲ. ನೀರು ಹಾಕೂದು, ಕಸ ತಗಿಯೂದು, ಹುಳ ಆರಿಸೂದು ಎಲ್ಲಾ ಆಕೀನ, ಬೀಜ ಹಾಕೂದು ಮಾತ್ರ ಬ್ಯಾರೆಯವರು. ಆ ಹಿತ್ತಲದಾಗ ಬದನಿಗಿಡ ಬೆಳದದ್ದು ಯಾರ ಗುಣದಿಂದ ಅಂತ ಈಗ ಯೋಚನಿ ಮಾಡಿದ್ರ ಹೊಟ್ಯಾಗ ಕಸಿವಿಸಿ ಆಗ್ತದ. ಅದನ ಮಾತನ್ನ ನಾವು ಸೂಟ್‌ಕೇಸಿನ್ಯಾಗ ಮಡಚಿ ಇಟ್ಕೊಂಡು ಇಲ್ಲೀತನಕ ತಂದೀವಿ, ಈಗ ನಮ್ಮ ಹೆಣ್ಣುಮಕ್ಕಳಿಗೂ ಕಲಿಸ್ಲಿಕ್ಕೆ ಹತ್ತೀವಿ.

ಇನ್ನ ಲೆಕ್ಕಕ್ಕ ಬರೋಣು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿಂಗ್ಟನ್ ಅನ್ನೋ ವಿಜ್ಞಾನಿ 1950ರ ದಶಕದಾಗ ಒಂದೊಂದು ತರಕಾರಿ ಬೀಜ ಮಣ್ಣಿನ ಯಾವ ಬಿಸಿಗೆ ಎಷ್ಟು ದಿನಕ್ಕ ಏಳ್ತದ ಅಂತ ಪಟ್ಟಿ ಮಾಡಿದ್ರು. ತೋಟದವರು ಇವತ್ತಿಗೂ ಅದನ್ನ ನೋಡ್ತಾರ. ಅದರ ಪ್ರಕಾರ ಮೆಣಸಿನಕಾಯಿ ಬೀಜ 15 ಡಿಗ್ರಿ ಮಣ್ಣಿನ್ಯಾಗ ಏಳೂದಕ್ಕ 25 ದಿನ ತಗೋತದ. 20 ಡಿಗ್ರಿ ಇದ್ರ 12-13 ದಿನ. 25 ಇದ್ರ 8 ದಿನ, 30 ಇದ್ರ ಅದಕ್ಕಿಂತ ಇಷ್ಟ ಕಡಿಮಿ. 10 ಡಿಗ್ರ್ಯಾಗ ಏಳೂದೇ ಇಲ್ಲ. ಬದನಿ ಬೀಜ 20 ಡಿಗ್ರ್ಯಾಗ 13 ದಿನ ತಗೊಂಡ್ರ, 30ರಾಗ 5-6 ದಿನದಾಗ ಎದ್ದು ನಿಲ್ತದ. ಟಮಾಟಿ ಅಷ್ಟು ಹಟ ಮಾಡಂಗಿಲ್ಲ, 20ರಾಗ 8 ದಿನಕ್ಕ ಬರ್ತದ.

ಈಗ ನಿಮ್ಮ ಅಡಗಿಮನಿ ಕಿಡಕಿ ಕಟ್ಟಿ ನೆನಪ ಮಾಡ್ಕೋರಿ. ರಾತ್ರಿ ಹತ್ತಕ್ಕ ಹೀಟಿಂಗ್ ಬಂದ್. ಪಡದಾ ಎಳದಿರ್ತೀರಿ, ಕುಂಡಿಗಳು ಪಡದಾದ ಆಚಿ ಬದಿ, ತಣ್ಣನ ಗಾಜಿನ ಬಾಜೂಕ. ಬೆಳತನಕ ಆ ಮಣ್ಣು 12-13 ಡಿಗ್ರಿಗೆ ಇಳದಿರ್ತದ. ಹಸಿ ಮಣ್ಣಾಗ, ಚಳಿಯೊಳಗ ಮೂರು-ನಾಲ್ಕು ವಾರ ಬಿದ್ದ ಬೀಜ ಕೊಳೀದೇ ಇನ್ನೇನು ಮಾಡೀತು? ನಮ್ಮ ಅತ್ತಿಯವ್ರು ಧಾರವಾಡದಾಗ ಜೂನದಾಗ ಮೊದಲ ಮಳಿ ಬಿದ್ದ ಮ್ಯಾಲೆ ಅಗಿ ಹಾಕತಿದ್ರು. ಅಲ್ಲಿ ಮಣ್ಣು ಹಗಲೂ ರಾತ್ರಿ ಬೆಚ್ಚಗ. ಅವ್ರ ಕೈ ಛಲೋ ಇತ್ತು ಅಂತ ನಾನೂ ಒಪ್ಪತೀನಿ, ಆದ್ರ ಧಾರವಾಡದ ಜೂನ್ ಅದಕ್ಕಿಂತ ಛಲೋ ಇತ್ತು. ಅದೇ ಅತ್ತಿಯವ್ರನ್ನ ಫೆಬ್ರುವರ್ಯಾಗ ಲೀಡ್ಸಿಗೆ ಕರಕೊಂಡು ಬಂದು ಅದೇ ಬೀಜ ಕೊಟ್ರ, ಅವ್ರದ್ದೂ ಒಂದೂ ಏಳ್ತಿರಲಿಲ್ಲ.

ಆಶ್ಚರ್ಯ ಏನಂದ್ರ, ಈ ವಿದ್ಯೆ ನಮಗ ಗೊತ್ತಿಲ್ಲದ್ದೇನೂ ಅಲ್ಲ. ಮಡಿಕಿ ಕಾಳು ಮೊಳಕಿ ಬರಸ್ಲಿಕ್ಕೆ ನೆನಸಿ, ಬಟ್ಟಿಯೊಳಗ ಕಟ್ಟಿ, ಒಲಿ ಬಾಜೂಕ ಇಡೂದು ಯಾರು ಕಲಿಸಿದ್ರು? ಇಲ್ಲಿ ಚಳಿಯೊಳಗ ದ್ವಾಸಿ ಹಿಟ್ಟು ಹುಳಿ ಬರಂಗಿಲ್ಲಂತ ಓವನ್ನಿನ ದೀಪ ಹಚ್ಚಿ ಒಳಗ ಇಡ್ತೀರಿ. ಮೊಸರಿನ ಪಾತ್ರಿಗೆ ಟಾವೆಲ್ ಸುತ್ತತೀರಿ. ಹಿಟ್ಟು ಉಬ್ಬಲಿಲ್ಲಂದ್ರ "ಥಂಡಿಗೆ ಹಿಂಗಾತು" ಅಂತೀರಿ, ಕೈಗುಣ ಅನ್ನಂಗಿಲ್ಲ. ಹಿಟ್ಟಿಗೆ ಒಂದು ನ್ಯಾಯ, ಬೀಜಕ್ಕ ಒಂದು ನ್ಯಾಯ ಯಾಕರೀ?

ಇನ್ನ ಇದರ ಉಲ್ಟಾ ಮಾತು ಹೇಳೋರೂ ಅದಾರ. "ಹೀಟೆಡ್ ಪ್ರಾಪಗೇಟರ್ ತಗೋರಿ, ಎಲ್ಲಾ ಸರಿ ಆಗ್ತದ" ಅಂತ. ಗೊತ್ತಿಲ್ಲದವ್ರಿಗೆ ಹೇಳ್ತೀನಿ, ತಳದಾಗ ಕರೆಂಟಿನ ಬಿಸಿ, ಮ್ಯಾಲೆ ಪಾರದರ್ಶಕ ಮುಚ್ಚಳ ಇರೋ ಸಸಿ ಪೆಟ್ಟಿಗಿ ಅದು. ಜನೆವರಿ ಬಂತಂದ್ರ ಇಲ್ಲಿ ತೋಟದ ಅಂಗಡ್ಯಾಗ ಅದನ್ನ ಗೋಪುರಧಂಗ ಒಟ್ಟಿರ್ತಾರ. ನಾ ಪೆಟ್ಟಿಗಿ ಪರವಾಗೇ ಇದ್ದೀನಿ. ಆದ್ರ ಪೆಟ್ಟಿಗಿಯನ್ನ ಹೊಸ ಕೈಗುಣ ಮಾಡಬ್ಯಾಡ್ರಿ. ಅದು ಕೆಟ್ರ ಮತ್ತ ನಿಮ್ಮ ತಲಿಮ್ಯಾಲೇ ಬರ್ತದ: "ಅಷ್ಟು ರೊಕ್ಕದ ಪೆಟ್ಟಿಗಿ ಕೊಡಿಸಿದ್ರೂ ಆಕಿಗೆ ಬರಲಿಲ್ಲ" ಅಂತ.

ತಗೊಳ್ಳಾಗ ಒಂದ ಮಾತು ನೆನಪಿಡ್ರಿ, ಥರ್ಮೋಸ್ಟಾಟ್. ಸೋವಿ ಪೆಟ್ಟಿಗಿಗಳೊಳಗ ಅದು ಇರಂಗಿಲ್ಲ. ಹಚ್ಚಿದ್ರ ಕೋಣಿಯ ಬಿಸಿಗಿಂತ ಸುಮಾರು 5ರಿಂದ 10 ಡಿಗ್ರಿ ಏರಸ್ತದ, ಅಷ್ಟ. ಅಂದ್ರ 8 ಡಿಗ್ರಿ ಇರೋ ಗ್ಯಾರೇಜಿನ್ಯಾಗ ಇಟ್ರ 15-16ಕ್ಕ ನಿಂತುಬಿಡ್ತದ, ಮೆಣಸಿನಕಾಯಿಗೆ ಸಾಲಂಗಿಲ್ಲ. ಅದನ್ನೇ 22 ಡಿಗ್ರಿಯ ಕೋಣ್ಯಾಗ, ಬಿಸಲು ಬೀಳೋ ಕಿಡಕ್ಯಾಗ ಇಟ್ರ ಮುಚ್ಚಳದ ಒಳಗ 40 ದಾಟಿ ಬೀಜ ಬೇಯ್ತದ. ಥರ್ಮೋಸ್ಟಾಟ್ ಇದ್ದದ್ದು ನೀವು 26 ಅಂತ ಇಟ್ರ ಅಲ್ಲಿಗೆ ಬಂದು ಆರತದ, ಇಳದ್ರ ಮತ್ತ ಹತ್ತತದ. ತುಟ್ಟಿ ಖರೇ. ಆದ್ರ ಉದ್ದ-ಅಗಲ ದೊಡ್ಡದು, ದೀಪ ಇದ್ದದ್ದು, ಬಣ್ಣದ್ದು ಅಂತ ಕೊಡೋ ರೊಕ್ಕ ಇದಕ್ಕ ಕೊಡ್ರಿ. ಮನಿಗೆ ಬೇಕಾದದ್ದು 12 ಮೆಣಸಿನಗಿಡ, 6 ಬದನಿ, 6 ಟಮಾಟಿ. ಅದಕ್ಕ ಸಣ್ಣ ಪೆಟ್ಟಿಗಿ ಸಾಕು. ಮುಚ್ಚಳ ಎತ್ತರ ಇರಬೇಕು, ಅದರಾಗ ತಗಿಯೂದು-ಹಾಕೂದು ಆಗೋ ಕಿಂಡಿ ಇರಬೇಕು. ಪೆಟ್ಟಿಗಿ ಬ್ಯಾಡಂದ್ರ ಬಿಸಿ ಚಾಪಿ ಸಿಗ್ತದ, ಹೀಟ್ ಮ್ಯಾಟ್ ಅಂತಾರ. ಥರ್ಮೋಸ್ಟಾಟ್ ಬ್ಯಾರೆ ತಗೊಂಡು ಅದಕ್ಕ ಜೋಡಸಬಹುದು, ಅದರ ತಂತಿಯ ತುದಿ ಮಾತ್ರ ಕುಂಡಿಯ ಮಣ್ಣಾಗ ಹುಗಿಯಬೇಕು. ಹೊರಗ ಜೋತು ಬಿದ್ರ ಅದು ಕೋಣಿಯ ಗಾಳಿ ಅಳೀತದ, ಮಣ್ಣು ಇನ್ನೂ ತಣ್ಣಗ ಐತೋ ಕುದೀತದೋ ಅದಕ್ಕ ತಿಳಿಯಂಗಿಲ್ಲ.

ಥರ್ಮೋಸ್ಟಾಟ್ ಇಲ್ಲದ್ದು ಈಗಾಗಲೇ ಮನ್ಯಾಗ ಇದ್ರ ಒಗಿಬ್ಯಾಡ್ರಿ. ಒಂದು ಸಣ್ಣ ಥರ್ಮಾಮೀಟರ್ ತಂದು ಮಣ್ಣಾಗ ಚುಚ್ಚಿ, ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡ್ರಿ. ಕಡಿಮಿ ಇದ್ರ ಬೆಚ್ಚನ ಕೋಣಿಗೆ ತರ್ರಿ, ಹೆಚ್ಚಿದ್ರ ಕಿಂಡಿ ತಗೀರಿ, ಬಿಸಲಿನಿಂದ ಸರಸ್ರಿ. ಮತ್ತೊಂದು, ಶೆಡ್ಡಿನ್ಯಾಗಿನ ತಣ್ಣನ ಕಾಂಪೋಸ್ಟ್ ತಂದು ಹಂಗ ಬೀಜ ಹಾಕಬ್ಯಾಡ್ರಿ. ಹಿಂದಿನ ದಿನಾನ ಮನಿಯೊಳಗ ತಂದಿಡ್ರಿ, ಉಗುರುಬೆಚ್ಚನ ನೀರು ಹಾಕ್ರಿ.

ಕರೆಂಟಿನ ಬಿಲ್ಲಿನ ಮಾತಂತೂ ಕೇಳಿ ಕೇಳಿ ಸಾಕಾಗೇದ. "ಹಗಲೂ ರಾತ್ರಿ ಹಚ್ಚಿ ಇಡ್ತೀಯಲ್ಲಾ" ಅಂತ ಮನಿಯವ್ರು ಗೊಣಗತಾರ. ಲೆಕ್ಕ ಹೇಳ್ರಿ ಅವ್ರಿಗೆ. ಕಿಡಕಿ ಕಟ್ಟಿಮ್ಯಾಲಿನ ಸಣ್ಣ ಪೆಟ್ಟಿಗಿ 15 ವ್ಯಾಟಿಂದು ಅಂತ ಹಿಡೀರಿ. 24 ತಾಸು ಹಚ್ಚಿದ್ರ 0.36 ಯೂನಿಟ್. ಯೂನಿಟ್ಟಿಗೆ 25 ಪೆನ್ಸ್ ಹಿಡಿದ್ರ ದಿನಕ್ಕ 9 ಪೆನ್ಸ್, ಮೂರು ವಾರಕ್ಕ 2 ಪೌಂಡಿನೊಳಗ. ತುಂಬಿದ ಕೆಟಲ್ ಎರಡು ಸಲ ಕಾಸೂದಕ್ಕ ಅಷ್ಟ ಕರೆಂಟ್ ಹೋಗ್ತದ. ಗೊಣಗೋರು ದಿನಕ್ಕ ಎಷ್ಟು ಸಲ ಚಹಾ ಕೇಳ್ತಾರ ಅಂತ ನೀವ ಎಣಿಸಿ ನೋಡ್ರಿ.

ಇನ್ನ ಪೆಟ್ಟಿಗಿ ಬಂತಂತ ಕಂಡಕಂಡದ್ದೆಲ್ಲಾ ಅದರಾಗ ತುರಕೂದೊಂದು ಚಟ. ಮೆಂತೆ, ಕೊತಂಬ್ರಿ, ಸಬ್ಬಸಗಿ, ಪಾಲಕ, ಮೂಲಂಗಿ, ಇವಕ್ಕ ಬಿಸಿ ಪೆಟ್ಟಿಗಿ ಬ್ಯಾಡೇ ಬ್ಯಾಡ. 15-20 ಡಿಗ್ರಿ ಅವಕ್ಕ ಹಬ್ಬ. ಪಾಲಕ, ಲೆಟ್ಯೂಸ್ ಅಂತೂ ಬಿಸಿ ಹೆಚ್ಚಾದ್ರ ಏಳೂದನ್ನೇ ನಿಲ್ಲಸ್ತಾವ. ಪೆಟ್ಟಿಗಿಯ ಜಾಗಾ ಮೆಣಸಿನಕಾಯಿ, ಢಬ್ಬು ಮೆಣಸಿನಕಾಯಿ, ಬದನಿಗೆ ಮೀಸಲಿಡ್ರಿ. ಅವು ಎದ್ದು ಹೊರಗ ಬಂದ ಮ್ಯಾಲೆ ಟಮಾಟಿ. ಬೆಂಡಿ, ಹೀರಿ, ಸೋರಿ, ಹಾಗಲ ಎಲ್ಲಾ ಏಪ್ರಿಲ್‌ದಾಗ. ಬೀಜ ಒಂದು ರಾತ್ರಿ ನೆನಸಿ ಹಾಕ್ರಿ. ಅವು ಎದ್ದ ಮ್ಯಾಲೆ ಓಡ್ತಾವ. ಫೆಬ್ರುವರ್ಯಾಗ ಹಾಕಿದ್ರ ಏಪ್ರಿಲ್ ಅನ್ನೂದರಾಗ ಪಡದಾಕ್ಕ ಬಳ್ಳಿ ಸುತಕೊಂಡಿರ್ತದ, ಹೊರಗ ಇನ್ನೂ ಮಂಜು ಬೀಳ್ತಿರ್ತದ. ಇಲ್ಲಿ ಉತ್ತರದ ಕಡೆ ಮೇ ಕೊನಿತನಕ ಅವನ್ನ ಹೊರಗ ಇಡೂದಕ್ಕ ಧೈರ್ಯ ಬರಂಗಿಲ್ಲ, ಬೆಂಡಿಗಂತೂ ಆಮ್ಯಾಲೂ ಗ್ರೀನ್‌ಹೌಸೇ ಬೇಕು.

ಎಲ್ಲಾದಕ್ಕಿಂತ ದೊಡ್ಡ ಅನ್ಯಾಯ ಆಗೂದು ಬೀಜ ಎದ್ದ ಮ್ಯಾಲೆ. ಪೆಟ್ಟಿಗಿಯೊಳಗ ಹಸರು ಕಂಡ ಕೂಡಲೇ ಖುಷಿಗೆ ಫೋಟೋ ತಗದು ಎಲ್ಲಾರಿಗೂ ಕಳಸ್ತೀರಿ, ಸಸಿಗಳನ್ನ ಮಾತ್ರ ಅಲ್ಲೇ ಬಿಸ್ಯಾಗ ಬಿಡ್ತೀರಿ. ಬಿಸಿ ಬೇಕಾದದ್ದು ಬೀಜ ಏಳೂದಕ್ಕ. ಎದ್ದ ಸಸಿಗೆ ಬೇಕಾದದ್ದು ಬೆಳಕು. ಸಂಕ್ರಮಣದ ಹೊತ್ತಿಗೆ ಇಲ್ಲಿ ಹಗಲು ಬರೇ 8 ತಾಸು, ಅದೂ ಮೋಡದ್ದು. ಬಿಸಿ ಹೆಚ್ಚು, ಬೆಳಕು ಕಡಿಮಿ ಆದ್ರ ಸಸಿ ಬೆಳಕು ಹುಡುಕ್ಕೋತ ಹೋಗಿ ಉದ್ದಕ, ಬೆಳ್ಳಗ, ನೂಲಿನಂಗ ಆಗಿ ಒಂದಿನ ಮಕಾಡೆ ಬೀಳ್ತದ. ಆವಾಗ ಮತ್ತ ಅದ ಹಾಡು, ಕೈಗುಣ! ಅರ್ಧದಷ್ಟು ಬೀಜ ಎದ್ದವಂದ್ರ ಆ ಟ್ರೇ ಪೆಟ್ಟಿಗಿಯಿಂದ ಹೊರಗ ಬರಬೇಕು. ಮನಿಯೊಳಗ 18-20 ಡಿಗ್ರಿ ಇರೋ, ಹೆಚ್ಚು ಬೆಳಕಿರೋ ಕಿಡಕಿಗೆ ಹೋಗಬೇಕು. ದಿನಾ ಟ್ರೇ ತಿರಗಸ್ರಿ, ಹಿಂದ ಒಂದು ರಟ್ಟಿಗೆ ಅಡಗಿಮನಿ ಫಾಯಿಲ್ ಅಂಟಿಸಿ ನಿಲ್ಲಸ್ರಿ, ಬೆಳಕು ಎರಡೂ ಬದಿಯಿಂದ ಬೀಳ್ತದ. ಎಲ್‌ಇಡಿ ದೀಪ ಇದ್ದವ್ರು ಜನೆವರ್ಯಾಗ ಹಾಕ್ರಿ. ದೀಪ ಇಲ್ಲದವ್ರು ಫೆಬ್ರುವರಿ ಕೊನಿತನಕ ತಡೀರಿ. ಮಾರ್ಚ್ 20ರ ಸುಮಾರು ಹಗಲು 12 ತಾಸು ಆಗ್ತದ, ತಡವಾಗಿ ಹಾಕಿದ ಸಸಿ ಗಟ್ಟಿಯಾಗಿ ಬೆಳದು ಮುಂಚೆ ಹಾಕಿದ್ದನ್ನ ಹಿಡೀತದ.

ನಿಂತ ಸಸಿ ರಾತ್ರೋರಾತ್ರಿ ಬುಡದಾಗ ಸಣ್ಣಗಾಗಿ ಸಾಲಿಗೆ ಸಾಲು ಬಿದ್ರ ಅದಕ್ಕ "ದೃಷ್ಟಿ ಆತು" ಅಂತ ಮೆಣಸಿನಕಾಯಿ ಇಳಿ ತಗೀಬ್ಯಾಡ್ರಿ. ಅದು ಬುಡ ಕೊಳೆಯೋ ರೋಗ, ಬೂಸಲಿನಂಥಾ ಜೀವಿಗಳಿಂದ ಬರೂದು. ಹಸಿ ಹೆಚ್ಚಾಗಿ, ಮುಚ್ಚಳದ ಒಳಗ ಗಾಳಿ ಆಡದಿದ್ರ ಅದಕ್ಕ ಹಬ್ಬ. ಹೊಸ ಕಾಂಪೋಸ್ಟ್, ತೊಳದ ಟ್ರೇ, ನಳದ ನೀರು, ತೆಳ್ಳಗ ಬಿತ್ತೂದು, ನೀರು ಕೆಳಗಿಂದ ಕೊಡೂದು, ಮೊಳಕಿ ಕಂಡ ಕೂಡಲೇ ಕಿಂಡಿ ತಗಿಯೂದು, ಇಷ್ಟು ಮಾಡಿದ್ರ ಅದು ಭಾಳ ಮಟ್ಟಿಗೆ ಹತ್ತರ ಬರಂಗಿಲ್ಲ. ಬೆಳಿಗ್ಗೆ ಮುಚ್ಚಳದ ಒಳಬದಿ ನೀರಿನ ಹನಿ ದಪ್ಪಗ ಕೂತಿದ್ರ ಅರಬಿಯಿಂದ ಒರಸಿಬಿಡ್ರಿ.

ಬೀಜದ ಮಾತೂ ಒಂದು ಅದ. ಇಂಡಿಯನ್ ಅಂಗಡ್ಯಾಗಿನ ಒಣ ಬ್ಯಾಡಗಿ ಮೆಣಸಿನಕಾಯಿ ಒಡದು ಬೀಜ ಹಾಕೋರು ನಮ್ಮೊಳಗ ಭಾಳ. ಹಾಕ್ರಿ, ಬ್ಯಾಡನ್ನಂಗಿಲ್ಲ. ಆದ್ರ ಅದು ಎಷ್ಟು ವರ್ಷ ಗೋದಾಮಿನ್ಯಾಗ ಬಿದ್ದಿತ್ತೋ ಯಾರಿಗೆ ಗೊತ್ತು? ಮೊದಲು 10 ಬೀಜ ಹಸಿ ಮಾಡಿದ ಕಾಗದದ ಟಾವೆಲ್ಲಿನ್ಯಾಗ ಸುತ್ತಿ, ಡಬ್ಬ್ಯಾಗ ಹಾಕಿ, ಪೆಟ್ಟಿಗಿಯೊಳಗ ಎರಡು ವಾರ ಇಟ್ಟು ಎಣಸ್ರಿ. ಏಳು-ಎಂಟು ಮೊಳಕಿ ಬಂದ್ರ ಬೀಜ ಗಟ್ಟಿ. ಒಂದೋ ಎರಡೋ ಬಂದ್ರ ಬೀಜ ಸತ್ತದ, ನಿಮ್ಮ ಕೈ ಅಲ್ಲ. ಊರಿಂದ ಬಿತ್ತೋ ಬೀಜ ಸೂಟ್‌ಕೇಸಿನ್ಯಾಗ ತುಂಬಿಸಿ ಕಳಸ್ತೀನಿ ಅನ್ನೋ ಮೌಶಿಗೋಳಿಗೆ ಒಂದು ಮಾತು, ಅದಕ್ಕ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕಾಗ್ತದ, ಸುಮ್ಮನ ತರಂಗಿಲ್ಲ.

"ನಮ್ಮ ಕಡೆ ಅಷ್ಟೆಲ್ಲಾ ರೊಕ್ಕ ಇಲ್ಲ" ಅನ್ನೋರಿಗೆ ಪೆಟ್ಟಿಗಿ ಇಲ್ಲದೇನೂ ದಾರಿ ಅದ. ಬಿಸಿನೀರಿನ ಸಿಲಿಂಡರ್ ಇರೋ ಕಪಾಟು, ಇಲ್ಲಿಯವರು ಏರಿಂಗ್ ಕಬರ್ಡ್ ಅಂತಾರಲ್ಲಾ, ಅದರಾಗ ಟ್ರೇಕ್ಕ ಪ್ಲಾಸ್ಟಿಕ್ ಚೀಲ ಸುತ್ತಿ ಇಡ್ರಿ. ಮೆಣಸಿನಕಾಯಿ ಬೀಜ ಏಳೂದಕ್ಕ ಬೆಳಕು ಬೇಕಿಲ್ಲ. ದಿನಾ ಎರಡು ಸಲ ಬಾಗಲಾ ತಗದು ನೋಡ್ರಿ, ಮೊದಲ ಮೊಳಕಿ ಕಂಡ ದಿನಾನ ಬೆಳಕಿಗೆ ತರ್ರಿ. ಒಂದು ದಿನ ತಡ ಆದ್ರೂ ನೂಲು ಆಗ್ತಾವ. ಅಥವಾ ನಾಲ್ಕು ಮನಿಯವ್ರು ಸೇರಿ ಒಂದ ಪೆಟ್ಟಿಗಿ ತಗೋರಿ. ಒಂದು ಮನ್ಯಾಗ ಮೂರು ವಾರ ಕೆಲಸ, ಆಮ್ಯಾಲೆ ಅದು ಖಾಲೀನ ಕೂತಿರ್ತದ. ಬಾಣಂತಿ ತೊಟ್ಟಲಾ ಒಂದು ಮನಿಯಿಂದ ಇನ್ನೊಂದು ಮನಿಗೆ ಹೋಗೂದಿಲ್ಲೇನು, ಹಂಗ.

ಹುಬ್ಬಳ್ಳಿ-ಧಾರವಾಡದಾಗ ಕೂತು ಇದನ್ನ ಓದೋ ಅಕ್ಕ-ತಂಗೇರಿಗೆ, ನೀವು ಈ ಪೆಟ್ಟಿಗಿ ತಗೋಬ್ಯಾಡ್ರಿ. "ನಮಗೂ ಒಂದು ತಾ" ಅಂತ ಹೇಳಿ ಕಳಸಬ್ಯಾಡ್ರಿ. ನಿಮಗ ಡಿಸೆಂಬರ್-ಜನೆವರಿ ರಾತ್ರಿ ಬಿಟ್ರ ವರ್ಷಪೂರ್ತಿ ಮಣ್ಣು ಬೆಚ್ಚಗ. ನಿಮ್ಮ ತ್ರಾಸು ಬ್ಯಾರೆ, ಬ್ಯಾಸಗಿಯೊಳಗ ಮಣ್ಣು ಒಣಗೂದು, ಬಿಸಲಿಗೆ ಸಸಿ ಸುಡೂದು. ನಿಮಗ ಬೇಕಾದದ್ದು ನೆರಳಿನ ಬಲಿ, ಹೊತ್ತಿಗೆ ಸರಿಯಾಗಿ ನೀರು. ನಮ್ಮ ಮದ್ದು ನಿಮಗ ಹತ್ತಂಗಿಲ್ಲ.

ಈಗ ಯಾರಾದರೂ ಕೇಳಬಹುದು, "ಹಂಗಾದ್ರ ಕೈಯಾಗ ಏನೂ ಇಲ್ಲೇನು? ಒಬ್ಬಾಕಿ ಹಾಕಿದ್ದು ಎದ್ದು, ಇನ್ನೊಬ್ಬಾಕಿ ಹಾಕಿದ್ದು ಏಳೂದಿಲ್ಲಲ್ಲಾ?" ಅಂತ. ಕೈಯಾಗ ಅದ, ಭಾಳ ಅದ. ಮಣ್ಣು ಹಿಚಕಿ ಹಸಿ ಎಷ್ಟಂತ ತಿಳಿಯೂದು, ಬೀಜ ಎಷ್ಟು ಆಳಕ್ಕ ಅಂತ ಬಟ್ಟಿನಿಂದ ಅಳಿಯೂದು, ಎಳೇ ಸಸಿ ಕಾಂಡ ಮುಟ್ಟದ ಎಲಿ ಹಿಡದು ಎತ್ತೂದು. ಅದು ನೋಡಿ ನೋಡಿ ಕಲ್ತದ್ದು, ಕಲಿಸಿದ್ರ ಇನ್ನೊಬ್ಬಾಕಿಗೂ ಬರೂವಂಥಾದ್ದು. ಗುಣ ಅಂದ್ರ ಹುಟ್ಟಿನಿಂದಲೇ ಬಂದದ್ದು, ಇದ್ರ ಅದ, ಇಲ್ಲಂದ್ರ ಇಲ್ಲ. ಇಲ್ಲ ಅನ್ನಿಸಿಕೊಂಡಾಕಿ ಹೊಳ್ಳಿ ಕುಂಡಿ ಮುಟ್ಟಂಗಿಲ್ಲ. ಕಲ್ತದ್ದಕ್ಕ ಗುಣ ಅಂತ ಹೆಸರಿಟ್ಟು, ಬಲ್ಲವ್ರು ಬಲ್ಲದ್ದನ್ನ ಹೇಳಿಕೊಡದೇ ಉಳಿಸ್ಕೊಂಡ್ರ, ಬರದಾಕಿ ಬರಂಗಿಲ್ಲ ಅಂತ ಬಿಟ್ಲು. ಹಿಂಗ ಎಷ್ಟು ಹಿತ್ತಲ ಪಾಳು ಬಿದ್ದಾವೋ, ಎಷ್ಟು ಹೆಣ್ಣುಮಕ್ಕಳು ತಮ್ಮ ಕೈ ತಾವ ನೋಡಿ ನಾಚಿಕೊಂಡಾರೋ.

ಅದಕ್ಕ ನಾ ಕೇಳಿಕೊಳ್ಳೂದು ಇಷ್ಟ. ಈ ವರ್ಷ ಯಾರಾದರೂ ನಿಮ್ಮ ಎದರಿಗೆ "ನನ್ನ ಕೈಗುಣ ಛಲೋ ಇಲ್ಲ" ಅಂದ್ರ ಹೌದವಾ ಅಂತ ತಲಿ ಹಾಕಬ್ಯಾಡ್ರಿ. "ಮಣ್ಣು ಎಷ್ಟು ಡಿಗ್ರಿ ಇತ್ತು? ಎದ್ದ ಮ್ಯಾಲೆ ಎಲ್ಲಿ ಇಟ್ಟಿದ್ದಿ? ಬೀಜ ಯಾವ ವರ್ಷದ್ದು?" ಅಂತ ಈ ಮೂರು ಮಾತು ಕೇಳ್ರಿ. ಉತ್ತರ ಆಕೀಗೇ ಸಿಗ್ತದ. ಮನ್ಯಾಗ ಥರ್ಮಾಮೀಟರ್ ಇದ್ರ ಜ್ವರ ನೋಡೂದಕ್ಕಷ್ಟ ಇಡಬ್ಯಾಡ್ರಿ, ಇನ್ನೊಂದು ತಂದು ಮಣ್ಣಿಗೂ ಹಚ್ರಿ. ಮೇ ತಿಂಗಳದಾಗ ನನ್ನ ಹತ್ರ ಬದನಿ ಸಸಿ ಹೆಚ್ಚಾಗಿರ್ತಾವ, ಬೇಕಾದವ್ರು ಬಂದು ಒಯ್ರಿ. ಮುಟ್ಟಾಗಿದ್ರೂ ಬರ್ರಿ.